ಬಜ್ಪೆಯಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು?



ಉಡುಪಿ ಜಿಲ್ಲೆಯ ನಮ್ಮ ಶಿರ್ವದಲ್ಲಿ ಒಂದು ವಿಚಿತ್ರವಾದ ಅಳತೆ ರೂಢಿಯಲ್ಲಿದೆ. ಮಂಚಕಲ್ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ "ಕಾರ್ಕಳ ಎಷ್ಟು ದೂರ?" ಎಂದು ಕೇಳಿದರೆ ಇಷ್ಟು ಕಿಲೋಮೀಟರ್ ಎನ್ನುತ್ತಾರೆ. "ದುಬೈ ಎಷ್ಟು ದೂರ?" ಎಂದು ಕೇಳಿ ನೋಡಿ. "ಮೂರೂವರೆ ಗಂಟೆ" ಎಂಬ ಉತ್ತರ ಬರುತ್ತದೆ. ಮಗ ದುಬೈಯಲ್ಲೋ ಕುವೈಟಿನಲ್ಲೋ ಇರುವ ತಾಯಿಗೆ ಆ ಊರು ಎಷ್ಟು ಸಾವಿರ ಕಿಲೋಮೀಟರ್ ದೂರದಲ್ಲಿದೆ ಎಂಬುದು ಬೇಕಾಗಿಲ್ಲ. ಅವನು ಹೊರಟರೆ ಯಾವಾಗ ಮುಟ್ಟುತ್ತಾನೆ ಎಂಬುದಷ್ಟೇ ಅವಳಿಗೆ ಬೇಕು. ಅವಳ ಪ್ರಶ್ನೆ ಸರಿಯಾದದ್ದೇ. ಆದರೆ ಮೂರೂವರೆ ಗಂಟೆ ಎಂಬ ಉತ್ತರ ಎಷ್ಟರ ಮಟ್ಟಿಗೆ ಸರಿ? ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಅಳೆಯುವುದು ಹೇಗೆ, ಆ ಅಂತರಕ್ಕೂ ಪ್ರಯಾಣಕ್ಕೆ ಹಿಡಿಯುವ ಹೊತ್ತಿಗೂ ಏನು ಸಂಬಂಧ ಎಂಬುದನ್ನು ನಮ್ಮ ಬಜ್ಪೆಯ ನಿಲ್ದಾಣವನ್ನೇ ಇಟ್ಟುಕೊಂಡು ವಿಚಾರ ಮಾಡೋಣ.

ಮೊದಲು ಅಂತರ. ಬಜ್ಪೆಯಿಂದ ಮುಂಬಯಿಗೆ ಆಕಾಶದಲ್ಲಿ ಎಷ್ಟು ದೂರ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಪ್ರೌಢಶಾಲೆಯ ಭೂಪಟದ ಪುಸ್ತಕ ಮತ್ತು ಪೈಥಾಗೊರಸನ ಪ್ರಮೇಯ ಸಾಕು. ಬಜ್ಪೆ ಇರುವುದು ಸುಮಾರು 12.96 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮುಂಬಯಿಯ ಸಾಂತಾಕ್ರೂಜ್ 19.09 ಡಿಗ್ರಿಯಲ್ಲಿ. ವ್ಯತ್ಯಾಸ 6.13 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿಲೋಮೀಟರ್. ಹಾಗಾದರೆ ಬಜ್ಪೆಗಿಂತ ಮುಂಬಯಿ ಸುಮಾರು 680 ಕಿಲೋಮೀಟರ್ ಉತ್ತರಕ್ಕಿದೆ. ರೇಖಾಂಶದಲ್ಲಿ ಎರಡು ಡಿಗ್ರಿಯಷ್ಟು ಪಶ್ಚಿಮಕ್ಕೂ ಇದೆ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಹತ್ತಿರವಾಗುತ್ತ ಬರುವುದರಿಂದ ನಮ್ಮ ಕಡೆ ಅದರ ಒಂದು ಡಿಗ್ರಿ ಸುಮಾರು 107 ಕಿಲೋಮೀಟರ್ ಮಾತ್ರ. ಅಂದರೆ 216 ಕಿಲೋಮೀಟರ್ ಪಶ್ಚಿಮಕ್ಕೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 713 ಅಥವಾ 714 ಬರುತ್ತದೆ. ದೊಡ್ಡ ಲೆಕ್ಕ ಹಾಕುವವರ ಉತ್ತರವೂ ಅದೇ. ಮನೆಯಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿದ್ದರೆ ಅವರ ಕೈಯಲ್ಲಿ ಈ ಲೆಕ್ಕ ಮಾಡಿಸಿ. ಗಣಿತ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ವಿಮಾನದವರು ಕಿಲೋಮೀಟರಿನಲ್ಲಿ ಮಾತಾಡುವುದಿಲ್ಲ, ಹಡಗಿನವರಂತೆ ನಾಟಿಕಲ್ ಮೈಲಿಯಲ್ಲಿ ಮಾತಾಡುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಿಮೆ ಅಷ್ಟಾಗುತ್ತದೆ. ಭೂಪಟವನ್ನು ಮುಂದೆ ಹರಡಿಕೊಂಡರೆ ಅದರ ಅಂಚಿನಲ್ಲೇ ಅಳತೆಪಟ್ಟಿ ಸಿಕ್ಕಿದ ಹಾಗೆ. ಹಡಗಿನಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ದೂರದ ಊರುಗಳಿಗೆ ಮಾತ್ರ ಪೈಥಾಗೊರಸ್ ಸಾಲದು, ಏಕೆಂದರೆ ಭೂಮಿ ದುಂಡಗಿದೆ. ಶಾಲೆಯ ಗೋಳವನ್ನು ತೆಗೆದುಕೊಂಡು ಒಂದು ನೂಲನ್ನು ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿಯಿರಿ. ನೂಲು ಕುಳಿತ ದಾರಿಯೇ ಅತಿ ಹತ್ತಿರದ ದಾರಿ. ಗೋಡೆಯ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಬೇರೆ, ಗೋಳದ ಮೇಲಿನ ನೂಲು ಬೇರೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ಮೇಲಿನಿಂದ ಹಾದು 11ರ ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದವರೆಲ್ಲ ಮಹಿಳೆಯರೇ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವ. "ಬೆಂಗಳೂರಿಗೆ ಬರುವವರು ಧ್ರುವಕ್ಕೆ ಯಾಕೆ ಹೋದರು?" ಎಂದು ಆಗ ಹಲವರು ಆಶ್ಚರ್ಯಪಟ್ಟಿದ್ದರು. ಸುಮಾರು 14,000 ಕಿಲೋಮೀಟರಿನ ಆ ದಾರಿಯನ್ನು ನೂಲು ಹಿಡಿದು ನೋಡಿದರೆ ಆಶ್ಚರ್ಯಕ್ಕೆ ಕಾರಣ ಉಳಿಯುವುದಿಲ್ಲ. ಬಜ್ಪೆಯಿಂದ ದುಬೈಗೆ ಇದೇ ರೀತಿ ಗೋಳದ ಮೇಲೆ ಅಳೆದರೆ ಸುಮಾರು 2,460 ಕಿಲೋಮೀಟರ್ ಸಿಗುತ್ತದೆ. ಹೆಚ್ಚಿನ ದಾರಿ ಅರಬ್ಬಿ ಸಮುದ್ರದ ಮೇಲೆ, ಆಮೇಲೆ ಒಮಾನಿನ ಆಕಾಶ, ಕೊನೆಗೆ ಎಮಿರೇಟ್ಸ್. ಪಾಕಿಸ್ತಾನದ ಆಕಾಶವನ್ನು ಇದು ಮುಟ್ಟುವುದಿಲ್ಲ. ಹಾಗಾಗಿ 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರು ಸುತ್ತುಬಳಸಿ ಹೋಗಬೇಕಾಯಿತು, ನಮ್ಮ ದಾರಿ ಇದ್ದಂತೆಯೇ ಇತ್ತು.

ಈಗ ಹೊತ್ತಿನ ವಿಷಯಕ್ಕೆ ಬರೋಣ. ಬಜ್ಪೆಗೆ ಬರುವ ಸಾಮಾನ್ಯ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ 800ರಿಂದ 850 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಮುಂಬಯಿಯ 714 ಕಿಲೋಮೀಟರಿಗೆ ಐವತ್ತು, ಐವತ್ತೈದು ನಿಮಿಷ ಸಾಕಲ್ಲವೇ? ಆದರೆ ಟಿಕೇಟಿನಲ್ಲಿ ಒಂದೂವರೆ ಗಂಟೆಗಿಂತ ಕಡಿಮೆ ಇರುವುದು ಅಪರೂಪ. ಉಳಿದ ಹೊತ್ತು ಎಲ್ಲಿ ಹೋಯಿತು?

ವಿಮಾನ ನೆಲ ಬಿಟ್ಟ ಕ್ಷಣದಲ್ಲೇ ಪೂರ್ಣ ವೇಗಕ್ಕೆ ಬರುವುದಿಲ್ಲ. ಏರಲು ಇಪ್ಪತ್ತು ನಿಮಿಷ, ಇಳಿಯಲು ಇನ್ನೂ ಸ್ವಲ್ಪ ಹೆಚ್ಚು ಹೊತ್ತು, ಆ ಅವಧಿಯಲ್ಲೆಲ್ಲ ವೇಗ ಕಡಿಮೆ. ದಾರಿಯೂ ನೂಲಿನಷ್ಟು ನೇರವಲ್ಲ. ಆಕಾಶದಲ್ಲಿ ಗೊತ್ತುಮಾಡಿದ ಹಾದಿಗಳಿವೆ, ತಿರುವಿನ ಗುರುತುಗಳಿವೆ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಇಳಿಯಬೇಕಾದ್ದರಿಂದ ಊರಿನ ಹತ್ತಿರ ಬಂದರೂ ಒಂದು ಸುತ್ತು ಹಾಕಿ ಇನ್ನೊಂದು ತುದಿಯಿಂದ ಬರಬೇಕಾಗುತ್ತದೆ. ಮುಂಬಯಿಯ ಹಳೆಯ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಎರಡನ್ನೂ ಏಕಕಾಲದಲ್ಲಿ ಬಳಸುವಂತಿಲ್ಲ, ದಟ್ಟಣೆ ಹೆಚ್ಚಾದಾಗ ವಿಮಾನಗಳು ಆಕಾಶದಲ್ಲೇ ಸರದಿ ಕಾಯುತ್ತವೆ. ಇದೆಲ್ಲದರ ಮೇಲೆ, ಟಿಕೇಟಿನಲ್ಲಿ ಕೊಡುವುದು ಹಾರಾಟದ ಹೊತ್ತನ್ನಲ್ಲ. ವಿಮಾನ ನಿಂತ ಜಾಗದಿಂದ ಕದಲಿದಲ್ಲಿಂದ ಹಿಡಿದು ಇನ್ನೊಂದು ಊರಿನಲ್ಲಿ ಬಂದು ನಿಲ್ಲುವವರೆಗಿನ ಹೊತ್ತನ್ನು. ಆ ಕಸುಬಿನವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ತಡವಾಯಿತೆಂಬ ಮಾತು ಬಾರದಿರಲಿ ಎಂದು ಕಂಪೆನಿಗಳು ಅದರಲ್ಲಿ ಹತ್ತು ಹದಿನೈದು ನಿಮಿಷ ಹೆಚ್ಚಿಗೆ ಸೇರಿಸುವುದೂ ಉಂಟು. "ಇವತ್ತು ವಿಮಾನ ಇಪ್ಪತ್ತು ನಿಮಿಷ ಬೇಗ ಬಂತು" ಎಂದು ಸಂಭ್ರಮದಿಂದ ಹೇಳುವವರು ಈ ಗುಟ್ಟನ್ನು ತಿಳಿದರೆ ಸಂಭ್ರಮ ಸ್ವಲ್ಪ ಇಳಿದೀತು.

ನೀವೇ ಅಂದಾಜು ಮಾಡಬೇಕಾದರೆ, ಕಿಲೋಮೀಟರನ್ನು 800ರಿಂದ ಭಾಗಿಸಿ, ಅದಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು ಸೇರಿಸಿ. ದುಬೈಗೆ ಮೂರೂವರೆ ಗಂಟೆಯಿಂದ ಮೂರೂಮುಕ್ಕಾಲು ಗಂಟೆ ಬರುತ್ತದೆ. ಶಿರ್ವದ ಪೇಟೆಯಲ್ಲಿ ಸಿಗುವ ಉತ್ತರವೂ ಹೆಚ್ಚುಕಡಿಮೆ ಅದೇ.

ಹೋಗುವ ಹೊತ್ತು ಮತ್ತು ಬರುವ ಹೊತ್ತು ಒಂದೇ ಅಲ್ಲ ಎಂಬುದನ್ನು ಗಲ್ಫಿಗೆ ಹೋಗಿಬರುವವರು ಗಮನಿಸಿರುತ್ತಾರೆ. ಇದಕ್ಕೆ ಗಾಳಿ ಕಾರಣ. ಚಳಿಗಾಲದಲ್ಲಿ ಆ ಕಡೆಯ ಆಕಾಶದಲ್ಲಿ ಹತ್ತು, ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಊರಿಗೆ ಬರುವವರನ್ನು ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ, ಹೋಗುವವರಿಗೆ ಎದುರಾಗುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಇದು ತಿರುವುಮುರುವು. ಕೆಳಗೆ ನಮ್ಮ ಅಂಗಳಕ್ಕೆ ಮಳೆ ತರುವ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ, ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಹವಾಮಾನ ಶಾಸ್ತ್ರಜ್ಞರು ಅದನ್ನು ಪೂರ್ವದ ಜೆಟ್ ಪ್ರವಾಹ ಎನ್ನುತ್ತಾರೆ. ಒಂದೇ ಕೊಡೆಯ ಕೆಳಗೆ ಒಂದು ಗಾಳಿ, ಮೇಲೆ ಅದಕ್ಕೆ ವಿರುದ್ಧವಾದ ಗಾಳಿ. ನಿಸರ್ಗದ ಈ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಗಡಿಯಾರದ ತೊಡಕು ಇನ್ನೊಂದಿದೆ. ಟಿಕೇಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲಪುವ ಹೊತ್ತು ತಲಪುವ ಊರಿನದು. ನಮ್ಮ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂದು ಗಂಟೆಗೆ ಹೊರಟು ಇಲ್ಲಿ ಬೆಳಿಗ್ಗೆ ಆರು ಗಂಟೆಗೆ ಇಳಿದವರಿಗೆ ಐದು ಗಂಟೆ ಕಳೆದಂತೆ ಕಾಣುತ್ತದೆ, ಕಳೆದದ್ದು ಮೂರೂವರೆ. ಇಲ್ಲಿಂದ ರಾತ್ರಿ ಎಂಟಕ್ಕೆ ಹೊರಟು ಅಲ್ಲಿ ಹತ್ತೂಕಾಲಕ್ಕೆ ಇಳಿದವರು ಎರಡೂಕಾಲು ಗಂಟೆಯಲ್ಲಿ ಹೋದಂತೆ ಭಾವಿಸುತ್ತಾರೆ, ನಿಜವಾಗಿ ಮೂರೂಮುಕ್ಕಾಲು. ಕುವೈಟ್, ಕತಾರ್, ಬಹರೈನ್, ಸೌದಿಗಳಿಗೆ ಎರಡೂವರೆ ಗಂಟೆಯ ವ್ಯತ್ಯಾಸ. ಸ್ಯಾನ್ ಫ್ರಾನ್ಸಿಸ್ಕೊದಿಂದ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಬಂದ ವಿಮಾನದ ಕಥೆಯೂ ಇದೇ, ಅದು ಹಾರಿದ್ದು ಸುಮಾರು 17 ಗಂಟೆ ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕ. ಈಗ ನಮ್ಮೂರಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅಂತರ ಮತ್ತು ಹೊತ್ತು ಎಷ್ಟು ಬೇರೆ ಬೇರೆ ಎಂಬುದು ಅಲ್ಲೇ ಚೆನ್ನಾಗಿ ತಿಳಿಯುತ್ತದೆ.

ಬಜ್ಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದಿಳಿದಿದ್ದರು. ಗಂಟೆಗೆ ಮುನ್ನೂರು ಕಿಲೋಮೀಟರಿನೊಳಗಿನ ವೇಗದ ಆ ವಿಮಾನಕ್ಕೆ ಬೊಂಬಾಯಿಯಿಂದ ಬಜ್ಪೆಗೆ ಎರಡೂವರೆ ಗಂಟೆಯಾದರೂ ಬೇಕಿತ್ತು. ಆದರೆ ಶಿರ್ವ, ಬೆಳ್ಮಣ್ಣು, ಮೂಡುಬೆಳ್ಳೆಗಳ ಸಾಮಾನ್ಯ ಜನಕ್ಕೆ ವಿಮಾನವೆಂಬುದು ತಲೆಯೆತ್ತಿ ನೋಡುವ ವಸ್ತುವಾಗಿಯೇ ಬಹಳ ಕಾಲ ಉಳಿಯಿತು. ಬೊಂಬಾಯಿಗೆ ಹೊರಟವರು ಬಸ್ಸು ಹಿಡಿಯುತ್ತಿದ್ದರು. ಒಂದು ಹಗಲು, ಒಂದು ರಾತ್ರಿ. ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆಯ ದಾರಿ. ಕಾಲು ಊದಿಕೊಂಡು ಇಳಿದವರು ಹೋಟೆಲಿಗೋ ಬ್ಯಾಂಕಿಗೋ ಗಿರಣಿಗೋ ಕೆಲಸಕ್ಕೆ ಸೇರಿದರು, ರಾತ್ರಿಶಾಲೆಯಲ್ಲಿ ಓದಿದರು. ಕೊಂಕಣ ರೈಲ್ವೆ 1998ರ ಜನವರಿ 26ರಂದು ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದಕ್ಕೂ ತೆರೆದ ಮೇಲೆ ಆ ಪ್ರಯಾಣ ಹದಿನೈದು, ಹದಿನಾರು ಗಂಟೆಗೆ ಇಳಿಯಿತು. ಬೊಂಬಾಯಿ ಇದ್ದಲ್ಲೇ ಇತ್ತು, ಹತ್ತಿರ ಮಾತ್ರ ಬಂತು.

ಗಲ್ಫಿಗೆ ಹೋಗುವವರ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ನಮ್ಮ ಕಡೆಯ ಬಹಳ ಮಂದಿ ಬೊಂಬಾಯಿಯ ಮೂಲಕ ಹೋಗಬೇಕಾಗಿತ್ತು. ಈಗ ಲೆಕ್ಕ ನೋಡಿ. ಬಜ್ಪೆಯಿಂದ ಮುಂಬಯಿಗೆ 714 ಕಿಲೋಮೀಟರ್. ಮುಂಬಯಿಯಿಂದ ದುಬೈಗೆ ಸುಮಾರು 1,926. ಒಟ್ಟು 2,640. ನೇರ ದಾರಿ 2,460. ವ್ಯತ್ಯಾಸ 180 ಕಿಲೋಮೀಟರ್ ಮಾತ್ರ! ವಿಮಾನಕ್ಕೆ ಅದು ಹದಿಮೂರು, ಹದಿನಾಲ್ಕು ನಿಮಿಷದ ಮಾತು. ನಕ್ಷೆಯ ಪ್ರಕಾರ ಮುಂಬಯಿ ನಮಗೆ ಗಲ್ಫಿನ ದಾರಿಯಲ್ಲೇ ಸಿಗುವ ಊರು, ಅಡ್ಡದಾರಿ ಎನ್ನುವಂತಿಲ್ಲ.

ಆದರೆ ಆ ಹದಿನಾಲ್ಕು ನಿಮಿಷಕ್ಕೆ ತೆತ್ತ ಬೆಲೆ ಎಷ್ಟು? ಬಸ್ಸಿನಲ್ಲಿ ಒಂದು ದಿನ. ಬೊಂಬಾಯಿಯಲ್ಲಿ ಅಕ್ಕನ ಮನೆಯಲ್ಲೋ ಊರವರ ಖೋಲಿಯಲ್ಲೋ ಎರಡು ದಿನ, ಕೆಲವೊಮ್ಮೆ ವಾರ. ಟಿಕೇಟು ಖಚಿತವಾಗಲು ಕಾಯುವುದು. ಸಹಾರಿನ ನಿಲ್ದಾಣಕ್ಕೆ ನಡುರಾತ್ರಿ ಟ್ಯಾಕ್ಸಿ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ ಸಿಕ್ಕವನಿಗೆ ಹೋಗಿಬರುವುದರಲ್ಲೇ ನಾಲ್ಕೈದು ದಿನ ಕಳೆದುಹೋಗುತ್ತಿತ್ತು. ಆ ನಾಲ್ಕೈದು ದಿನಗಳಲ್ಲಿ ಒಂದು ನೇಮ, ಒಂದು ಮದುವೆ, ಮಗುವಿನ ಒಂದು ಹುಟ್ಟುಹಬ್ಬ ತಪ್ಪಿಹೋಗಬಹುದಿತ್ತು. ಮಕ್ಕಳು ತಂದೆಯನ್ನು ಗುರುತಿಸಿ ಮಾತಾಡಿಸುವುದಕ್ಕೇ ಒಂದು ವಾರ ಬೇಕಾಗುತ್ತಿದ್ದ ಮನೆಗಳಲ್ಲಿ ನಾಲ್ಕು ದಿನವೆಂದರೆ ಕಡಿಮೆಯದಲ್ಲ. ನೇರ ವಿಮಾನ ಬಂದಾಗ ಉಳಿದದ್ದು 180 ಕಿಲೋಮೀಟರ್ ಅಲ್ಲ, ಈ ದಿನಗಳು. ಪ್ರಯಾಣದ ಹೊತ್ತನ್ನು ನುಂಗುವುದು ದೂರವಲ್ಲ, ಒಂದು ವಾಹನದಿಂದ ಇಳಿದು ಇನ್ನೊಂದಕ್ಕೆ ಕಾಯುವ ಅವಧಿ.

ಇದೇ ಮಾತು ಬೆಂಗಳೂರಿಗೂ ಅನ್ವಯಿಸುತ್ತದೆ. ಬಜ್ಪೆಯಿಂದ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 301 ಕಿಲೋಮೀಟರ್. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋಯಿತು, ಅಲ್ಲಿಗೆ 306. ಐದು ಕಿಲೋಮೀಟರ್ ಹೆಚ್ಚಾದದ್ದನ್ನು ವಿಮಾನ ಗಮನಿಸುವುದೂ ಇಲ್ಲ. ಆದರೆ ಜಯನಗರದ ಮಗಳ ಮನೆಗೆ ಹೋಗುವ ಅಜ್ಜಿಗೆ ಇಳಿದ ಮೇಲಿನ ಪ್ರಯಾಣ ಒಂದು ಗಂಟೆಯಷ್ಟು ಬೆಳೆಯಿತು. ಶಿರ್ವದಿಂದ ಬಜ್ಪೆಗೆ ಒಂದೂಕಾಲು ಗಂಟೆ, ಮುಂಚಿತವಾಗಿ ಹೋಗಿ ಕೂರಲು ಒಂದೂವರೆ, ವಿಮಾನದಲ್ಲಿ ಒಂದು, ಅಲ್ಲಿಂದ ಮನೆಗೆ ಎರಡು, ನಡುವೆ ಚೀಲಕ್ಕೆ ಕಾಯುವ ಹೊತ್ತು. ಆರು ಗಂಟೆ ಮೀರಿತು. ರಾತ್ರಿ ಬಸ್ಸಿನಲ್ಲಿ ಮಲಗಿದರೆ ಎಂಟೊಂಬತ್ತು ಗಂಟೆ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ದಿನಗಳನ್ನು ಬಿಟ್ಟರೆ ನನ್ನ ಮತ ಬಸ್ಸಿಗೇ. ನೀವು ಒಪ್ಪಬೇಕಾಗಿಲ್ಲ.

ಹೊತ್ತಿನ ಮಾತು ಬಂದಾಗ ಬಜ್ಪೆಯ ಗುಡ್ಡವನ್ನು ಮರೆಯುವಂತಿಲ್ಲ. ಸಮುದ್ರಮಟ್ಟದಿಂದ ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿಯನ್ನು ಸಮಗೊಳಿಸಿ ಮಾಡಿದ ನಿಲ್ದಾಣ ಇದು. ಸುತ್ತ ಇಳಿಜಾರು, ಕಂದರ. ದೊಡ್ಡ ರನ್‌ವೇಯ ಉದ್ದ 2,450 ಮೀಟರ್. ಜೂನ್, ಜುಲೈಯಲ್ಲಿ ಮೋಡ ಬಂದು ಗುಡ್ಡದ ಮೇಲೆಯೇ ಕೂರುತ್ತದೆ. ಆಗ ವಿಮಾನ ಆಕಾಶದಲ್ಲಿ ಸುತ್ತು ಹಾಕುತ್ತದೆ, ದಾರಿ ಕಾಣದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ಹೋಗಿ ಇಳಿಯುತ್ತದೆ. ಕೆಂಜಾರಿನ ಹೊಸ ಕಟ್ಟಡದ ಮುಂದೆ ಕಾದು ನಿಂತವರು ಸಿಡಿಮಿಡಿಗೊಳ್ಳುತ್ತಾರೆ.

ಅವರು 2010ರ ಮೇ 22ನ್ನು ನೆನಪಿಸಿಕೊಳ್ಳಬೇಕೆಂದು ನಾನು ವಿನಯದಿಂದ ಹೇಳುತ್ತೇನೆ. ಅಂದು ಬೆಳಿಗ್ಗೆ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇಯನ್ನು ದಾಟಿ ಕಂದರಕ್ಕೆ ಬಿದ್ದು ಉರಿಯಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಉಳಿದವರು ಎಂಟು ಜನ. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಎಷ್ಟೋ ಮನೆಗಳು ಆ ದಿನದಿಂದ ಹಿಂದಿನಂತಿಲ್ಲ. ವಿಮಾನ ಬಹಳ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದಿತ್ತು, ರನ್‌ವೇಯ ಮೊದಲ ಮೂರರಲ್ಲಿ ಸುಮಾರು ಎರಡು ಪಾಲು ಕಳೆದ ಮೇಲೆ ನೆಲ ಮುಟ್ಟಿತ್ತು. ಇಳಿಯುವುದನ್ನು ಬಿಟ್ಟು ಮೇಲೇರೋಣ ಎಂದು ಸಹಚಾಲಕರು ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದರೆಂಬುದು ಆಮೇಲಿನ ವಿಚಾರಣೆಯಲ್ಲಿ ದಾಖಲಾಗಿದೆ. ಮೇಲೇರಿ ಇನ್ನೊಂದು ಸುತ್ತು ಬಂದಿದ್ದರೆ ತಗಲುತ್ತಿದ್ದದ್ದು ಹತ್ತು, ಹದಿನೈದು ನಿಮಿಷ. ವಿಮಾನ ಇಳಿಯುವ ಹಂತಕ್ಕೆ ಬಂದು ಮತ್ತೆ ಘರ್ಜಿಸಿ ಮೇಲಕ್ಕೆ ಹೋದರೆ ಒಳಗಿದ್ದವರು ಹೆದರುತ್ತಾರೆ, ಹೊರಗಿದ್ದವರು ಗೊಣಗುತ್ತಾರೆ. ಎರಡೂ ಬೇಡ. ಚಾಲಕರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ.

ಕೊನೆಗೆ, ಈ ಲೆಕ್ಕವೆಲ್ಲ ನಿಜವಾಗಿ ಬೇಕಾಗುವ ಸಂದರ್ಭವೊಂದಿದೆ. ಹೇಳಲು ಮನಸ್ಸಿಗೆ ಕಷ್ಟವಾದರೂ ಹೇಳುವುದೇ ಒಳ್ಳೆಯದು. ಊರಿನ ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ, ಮಗ ದುಬೈಯಲ್ಲಿದ್ದಾನೆ. ಚಾವಡಿಯಲ್ಲಿ ಸೇರಿದ ನೆಂಟರು ಕೇಳುವ ಮೊದಲ ಮಾತು, "ಅವನು ಎಷ್ಟು ಗಂಟೆಗೆ ಮುಟ್ಟುತ್ತಾನೆ?" ಯಾರೋ ಒಬ್ಬರು ಹೇಳುತ್ತಾರೆ, "ಮೂರೂವರೆ ಗಂಟೆ ಅಲ್ವಾ ಮಾರಾಯ್ರೆ, ಬೆಳಿಗ್ಗೆ ಇಲ್ಲಿರ್ತಾನೆ." ಆ ಮಾತಿನ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಸಂಸ್ಕಾರ ಎಂದು ಎಲ್ಲರಿಗೂ ಫೋನು ಹೋಗುತ್ತದೆ. ಇಗರ್ಜಿಯಲ್ಲಿ ಹೊತ್ತು ಗೊತ್ತುಮಾಡುತ್ತಾರೆ, ಅಥವಾ ತೋಟದ ಮೂಲೆಯಲ್ಲಿ ಕಟ್ಟಿಗೆ ಸಿದ್ಧವಾಗುತ್ತದೆ. ಮಗ ಬರುವಾಗ ಎಲ್ಲ ಮುಗಿದಿರುತ್ತದೆ. ಅಥವಾ ಮುಗಿಯದೆ, ಊರವರು ಬಿಸಿಲಲ್ಲಿ ಕಾದು ಬೇಸತ್ತು, "ಇನ್ನೆಷ್ಟು ಹೊತ್ತು?" ಎಂಬ ಪಿಸುಮಾತು ತಾಯಿಯ ಕಿವಿಗೆ ಬೀಳುತ್ತಿರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ನೋವು ಎಂದು ಹೇಳಲಾರೆ. ಎರಡೂ ಲೆಕ್ಕ ತಪ್ಪಿದ್ದರಿಂದ ಆಗುವಂಥವು.

ಸರಿಯಾದ ಲೆಕ್ಕ ಹೀಗೆ. ರಾತ್ರಿ ಹತ್ತು ಗಂಟೆಗೆ ಇಲ್ಲಿಂದ ಸುದ್ದಿ ಹೋಯಿತೆನ್ನಿ. ಅಲ್ಲಿ ಆಗ ಎಂಟೂವರೆ. ಅಲ್ಲಿಂದ ರಾತ್ರಿ ಒಂದಕ್ಕೆ ಹೊರಡುವ ವಿಮಾನವಿದ್ದರೆ ಮೂರು ಗಂಟೆ ಮುಂಚೆ, ಅಂದರೆ ಹತ್ತು ಗಂಟೆಗೆ ಅವನು ನಿಲ್ದಾಣದಲ್ಲಿರಬೇಕು. ಸುದ್ದಿ ಕೇಳಿದವನು ಅಳುವುದಕ್ಕೂ, ಯಜಮಾನರನ್ನು ಕೇಳಿ ರಜೆ ಪಡೆಯುವುದಕ್ಕೂ, ಪಾಸ್‌ಪೋರ್ಟ್ ಹುಡುಕಿ ಸೀಟು ಹಿಡಿಯುವುದಕ್ಕೂ, ರಸ್ತೆಯ ಪ್ರಯಾಣಕ್ಕೂ ಸೇರಿ ಇರುವುದು ಒಂದೂವರೆ ಗಂಟೆ. ಶಾರ್ಜಾದ ಆಚೆ ಇರುವವನಿಗೆ ರಸ್ತೆಗೇ ಅದು ಮುಗಿಯಬಹುದು. ಸೌದಿಯಲ್ಲಿರುವವನಾದರೆ ಮರಳಿ ಹೋಗಲು ಬೇಕಾದ ವೀಸಾದ ಕೆಲಸವೂ ಇದೆ, ಅದಕ್ಕೆ ಕಚೇರಿ ತೆರೆಯುವವರೆಗೆ ಕಾಯಬೇಕಾಗಬಹುದು. ಎಲ್ಲ ಕೂಡಿಬಂದು ಒಂದರ ವಿಮಾನ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಬಜ್ಪೆಯಲ್ಲಿ ಬೆಳಿಗ್ಗೆ ಆರಕ್ಕೆ ಇಳಿಯುತ್ತದೆ. ಪಾಸ್‌ಪೋರ್ಟ್ ತಪಾಸಣೆ, ಸುಂಕದವರು, ಪೆಟ್ಟಿಗೆ ಎಂದು ಒಂದು ಗಂಟೆ, ಒಂದೂಕಾಲು ಗಂಟೆ. ಆಮೇಲೆ ರಸ್ತೆ. ಕಾಗೆ ಹಾರುವ ದಾರಿಯಲ್ಲಿ ಬಜ್ಪೆಯಿಂದ ಶಿರ್ವಕ್ಕೆ ಮೂವತ್ತು, ಮೂವತ್ತೆರಡು ಕಿಲೋಮೀಟರ್ ಮಾತ್ರ. ಆದರೆ ನಮ್ಮ ರಸ್ತೆಗಳು ಗುಡ್ಡ, ಗದ್ದೆ, ಹೊಳೆಗಳನ್ನು ಸುತ್ತಿಕೊಂಡು ಹೋಗುವುದರಿಂದ ನಲವತ್ತು ದಾಟುತ್ತದೆ. ಒಂದೂಕಾಲು ಗಂಟೆ. ಮನೆಯ ಅಂಗಳಕ್ಕೆ ಕಾಲಿಡುವಾಗ ಎಂಟೂವರೆ, ಒಂಬತ್ತು.

ಒಟ್ಟಿನಲ್ಲಿ, ಕಡಿಮೆಯೆಂದರೂ ಸುದ್ದಿ ಮುಟ್ಟಿದಲ್ಲಿಂದ ಹತ್ತೂವರೆ, ಹನ್ನೊಂದು ಗಂಟೆ. ಇದರಲ್ಲಿ ವಿಮಾನದ ಪಾಲು ಮೂರನೆಯ ಒಂದು. ಆ ರಾತ್ರಿಯ ವಿಮಾನ ತಪ್ಪಿತೆಂದರೆ ಬಜ್ಪೆಗೆ ಮುಂದಿನ ನೇರ ವಿಮಾನ ಎಷ್ಟೋ ಗಂಟೆಗಳ ಮೇಲೆ. ಮುಂಬಯಿಯ ಮೂಲಕವೋ ಬೆಂಗಳೂರಿನ ಮೂಲಕವೋ ಬರುವುದು ಮೇಲೇ ಎಂದು ಆಗ ನೋಡಬೇಕು. ಬೆಂಗಳೂರಿನ ಮೂಲಕ ಬಂದರೆ ಆಕಾಶದ ದಾರಿ ಸುಮಾರು 3,000 ಕಿಲೋಮೀಟರ್ ಆಗುತ್ತದೆ, ಆದರೂ ಸೀಟು ಬೇಗ ಸಿಕ್ಕರೆ ದೂರದ ದಾರಿಯೇ ಹತ್ತಿರದ್ದು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶವನ್ನು ಹಠಾತ್ತನೆ ಮುಚ್ಚಿದಂಥ ಸಂದರ್ಭಗಳಲ್ಲಂತೂ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಆದ್ದರಿಂದ, ಮಗನ ಕೈಗೆ ಸೀಟು ಖಚಿತವಾದ ಟಿಕೇಟು ಬರುವವರೆಗೆ ಸಂಸ್ಕಾರದ ಹೊತ್ತನ್ನು ಯಾರಿಗೂ ಹೇಳಬೇಡಿ. ಖಚಿತವಾದ ಮೇಲೂ ವಿಮಾನ ಇಳಿಯುವ ಹೊತ್ತಿಗೆ ನಾಲ್ಕು ಗಂಟೆ ಸೇರಿಸಿ ಹೇಳಿ, ಮಳೆಗಾಲವಾದರೆ ಇನ್ನೂ ಎರಡು ಸೇರಿಸಿ. ಇಂದು ಆಸ್ಪತ್ರೆಗಳ ಶವಾಗಾರಗಳಿವೆ, ಮನೆಗೇ ತಂದಿಡುವ ಶೀತಲ ಪೆಟ್ಟಿಗೆಗಳಿವೆ. ಹಿಂದಿನವರಿಗೆ ಇಲ್ಲದ ಈ ಅನುಕೂಲವನ್ನು ಬಳಸಲು ಸಂಕೋಚ ಬೇಡ. ಕಾಯುವ ಪದ್ಧತಿ ನಮ್ಮಲ್ಲಿಲ್ಲ ಎನ್ನುವ ಮನೆಗಳಲ್ಲಿ ಅದನ್ನು ಮೊದಲೇ ಮಗನಿಗೆ ಫೋನಿನಲ್ಲಿ ಹೇಳಿಬಿಡುವುದು ಲೇಸು. ಅವನು ದಾರಿಯುದ್ದಕ್ಕೂ ಗಡಿಯಾರ ನೋಡುತ್ತ ಬರುವುದು ತಪ್ಪುತ್ತದೆ.

ಬರುವವನಿಗೂ ಒಂದು ಮಾತು. ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಗೆ ಹಾಕಬೇಡಿ. ಕೈಚೀಲ ಒಂದನ್ನೇ ಹಿಡಿದು ಬಂದರೆ ಬಜ್ಪೆಯಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಕರೆದುಕೊಂಡು ಹೋಗುವವರು ಕಾರನ್ನು ಮೊದಲೇ ಗೊತ್ತುಮಾಡಿ ಕೆಂಜಾರಿನಲ್ಲಿ ನಿಲ್ಲಿಸಿರಲಿ. ಬೆಳಿಗ್ಗೆ ಏಳು ಗಂಟೆಯ ಮೊದಲು ಹೊರಟರೆ ಕಟೀಲು, ಕಿನ್ನಿಗೋಳಿಯ ರಸ್ತೆ ಖಾಲಿ ಇರುತ್ತದೆ. ಎಂಟು ಗಂಟೆಯಾದರೆ ಶಾಲೆಯ ಬಸ್ಸುಗಳು ಹೊರಡುತ್ತವೆ.